ದೂರಸವಾರಿಯ ಮೋಟರ್‌ಸೈಕಲ್: ಬೆಂಗಳೂರಿನ ಹೊರವಲಯದಲ್ಲಿ ಸಿದ್ಧತೆ ಮತ್ತು ನಿರ್ವಹಣೆ

ಗೊತ್ತುಪಡಿಸಿದ ಅವಧಿಯೊಳಗೆ ಸಾವಿರ, ಎರಡು ಸಾವಿರ ಕಿಲೋಮೀಟರು ಓಡಿ ಮುಗಿಸಬೇಕಾದ ಸಹಿಷ್ಣುತಾ ಸವಾರಿಗೆಂದು ಹದಗೊಳಿಸಿದ ಬೈಕು ದೂರಸವಾರಿಯ ಮೋಟರ್‌ಸೈಕಲ್. ಇದು ಪಂದ್ಯದ ಬೈಕಲ್ಲ. ಬಹುಪಾಲು ಶೋರೂಮಿನಿಂದ ಬಂದ ಸಾಮಾನ್ಯ ಗಾಡಿಯೇ. ಅದನ್ನು ಬೇರೆಯಾಗಿಸುವುದು ಎಂಜಿನ್ನಿನ ಶಕ್ತಿಯಲ್ಲ, ದಾರಿಯಲ್ಲಿ ನಿಲ್ಲದಂತೆ ಮಾಡಿಕೊಂಡ ಪೂರ್ವಸಿದ್ಧತೆ.

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಈ ಹವ್ಯಾಸ ಬೇರೂರಲು ಮೂರು ಕಾರಣಗಳಿವೆ. ಮೂರೂ ಪ್ರದೇಶಗಳು ಊರು ಬಿಟ್ಟು ಹೊರಡುವ ಹೆದ್ದಾರಿಗಳ ಬಾಯಲ್ಲಿವೆ. ವಾಹನದ ಬಿಡಿಭಾಗ ತಯಾರಿಸುವ, ಲೋಹ ಕೊರೆದು ಬೆಸೆಯುವ ಕಸಬು ಇಲ್ಲಿ ಹಳೆಯದು. ವಾರಕ್ಕೆ ಐದು ದಿನ ದುಡಿದು ಶುಕ್ರವಾರ ರಾತ್ರಿ ಬಿಡುವಾಗುವ ಸಂಬಳದಾರರು ಇಲ್ಲಿ ಹೇರಳವಾಗಿದ್ದಾರೆ. ಇದರ ಜೊತೆಗೆ ಒಂದು ಅನನುಕೂಲವೂ ಇದೆ. ಶನಿವಾರ ಹೆದ್ದಾರಿ ಹಿಡಿಯುವ ಬೈಕೇ ಸೋಮವಾರದಿಂದ ಶುಕ್ರವಾರದವರೆಗೆ ಆಫೀಸಿನ ದಾರಿಯಲ್ಲಿ, ಮೊದಲ ಮತ್ತು ಎರಡನೆಯ ಗೇರಿನಲ್ಲಿ ತೆವಳುತ್ತಿರುತ್ತದೆ. ಈ ಎರಡು ವಿರುದ್ಧ ಬಳಕೆಗಳನ್ನು ಒಂದೇ ಯಂತ್ರ ತಾಳಿಕೊಳ್ಳುವಂತೆ ನೋಡಿಕೊಳ್ಳುವುದೇ ಇಲ್ಲಿನ ನಿರ್ವಹಣೆಯ ತಿರುಳು.

ಸವಾರಿಯ ಬಗೆಗಳು

ರಸ್ತೆಯ ಮೇಲಿನ ದೂರಸವಾರಿಗೆ ಜಗತ್ತಿನಾದ್ಯಂತ ಮಾನದಂಡ ಒದಗಿಸಿರುವುದು ಅಮೆರಿಕದ ಐರನ್ ಬಟ್ ಅಸೋಸಿಯೇಷನ್. 1984ರಲ್ಲಿ ಆರಂಭವಾದ ಐರನ್ ಬಟ್ ರ್ಯಾಲಿಯಲ್ಲಿ 11 ದಿನಗಳಲ್ಲಿ 11,000 ಮೈಲಿಯ ಆಸುಪಾಸು ಓಡಬೇಕಾಗುತ್ತದೆ. ಅಷ್ಟು ದೂರ ಹೋಗದವರಿಗೆ ಸಂಸ್ಥೆ ಪ್ರಮಾಣಪತ್ರ ಕೊಡುವ ಚಿಕ್ಕ ಸವಾರಿಗಳಿವೆ. 24 ಗಂಟೆಯೊಳಗೆ 1,610 ಕಿ.ಮೀ. ಮುಗಿಸುವುದು ‘ಸ್ಯಾಡಲ್‌ಸೋರ್ 1600ಕೆ’, 36 ಗಂಟೆಯೊಳಗೆ 2,500 ಕಿ.ಮೀ. ಮುಗಿಸುವುದು ‘ಬನ್‌ಬರ್ನರ್ 2500ಕೆ’. ಇವುಗಳಲ್ಲಿ ಮೊದಲು ಬಂದವರು, ಕೊನೆಗೆ ಬಂದವರು ಎಂಬ ಎಣಿಕೆ ಇಲ್ಲ. ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು. ಹೊರಟ ಜಾಗ, ತಿರುಗಿದ ಜಾಗ, ಪೆಟ್ರೋಲ್ ತುಂಬಿಸಿದ ಪ್ರತಿ ಬಂಕು, ಮುಗಿಸಿದ ಜಾಗ ಇವುಗಳಿಗೆ ದಿನಾಂಕ, ಸಮಯ, ಊರಿನ ಹೆಸರು ಮುದ್ರಿತವಾದ ಬಿಲ್ಲುಗಳೇ ಮುಖ್ಯ ಪುರಾವೆ. ಹೀಗಾಗಿ ಓಡೋಮೀಟರಿನ ಅಂಕಿ ಬರೆದಿಟ್ಟುಕೊಳ್ಳುವುದು, ಬಿಲ್ಲಿನ ಗಡಿಯಾರ ಸರಿಯಿದೆಯೇ ಎಂದು ಬಂಕಿನಲ್ಲೇ ನೋಡುವುದು, ಶಾಖಕ್ಕೆ ಅಕ್ಷರ ಮಾಸುವ ಆ ಚೀಟಿಯ ಫೋಟೋ ತೆಗೆದಿಡುವುದು ಸವಾರರ ರೂಢಿ.

ಎರಡನೆಯ ಬಗೆ ಡಾಕರ್ ಮಾದರಿಯ ಮರುಭೂಮಿ ರ್ಯಾಲಿ. ಇದರಲ್ಲಿ ಬೆಂಗಳೂರಿಗೆ ಹೆಸರಿದೆ. 2015ರಲ್ಲಿ ಡಾಕರ್ ರ್ಯಾಲಿಯಲ್ಲಿ ಓಡಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್, ಚೊಚ್ಚಲ ಯತ್ನದಲ್ಲೇ 36ನೆಯವರಾಗಿ ಮುಗಿಸಿದರು. ಟಿವಿಎಸ್ ತಂಡದ ಕೆ.ಪಿ. ಅರವಿಂದ್ 2017ರಲ್ಲಿ ಪದಾರ್ಪಣೆ ಮಾಡಿ, 2019ರಲ್ಲಿ 37ನೆಯ ಸ್ಥಾನದೊಂದಿಗೆ ಗುರಿ ಮುಟ್ಟಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಅಂತರರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟದ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಡಾಕರ್‌ನಲ್ಲಿ ಪ್ರತಿ ರಾತ್ರಿ ಮೆಕ್ಯಾನಿಕ್‌ಗಳು ಬೈಕನ್ನು ಬಿಚ್ಚಿ ಮರಳಿ ಕಟ್ಟುತ್ತಾರೆ. ‘ಮ್ಯಾರಥಾನ್’ ಹಂತ ಎಂದು ಕರೆಯುವ ಘಟ್ಟದಲ್ಲಿ ಮಾತ್ರ ತಂಡದ ನೆರವು ನಿಷಿದ್ಧ. ಸವಾರ ತನ್ನ ಬಳಿಯಿರುವ ಸಲಕರಣೆಯಲ್ಲೇ ಗಾಡಿ ಸರಿಮಾಡಿಕೊಳ್ಳಬೇಕು. ಹೆದ್ದಾರಿಯ ಒಂಟಿ ಸವಾರನಿಗೆ ಇಡೀ ಪ್ರಯಾಣವೇ ಅಂಥ ಹಂತ.

ಮೂರನೆಯದು ಕಾಲ–ವೇಗ–ದೂರಗಳ ಲೆಕ್ಕದ ನಿಯತ ಓಟ. ಗೊತ್ತಾದ ಸರಾಸರಿ ವೇಗವನ್ನು ಮೀರಿದರೂ ಹಿಂದೆ ಬಿದ್ದರೂ ಇಲ್ಲಿ ಅಂಕ ಕಳೆಯುತ್ತಾರೆ. ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ ನಡೆಸಿಕೊಂಡು ಬಂದ ಕೆ–1000 ಕಾರು ರ್ಯಾಲಿಯ ಮೂಲಕ ಬೆಂಗಳೂರಿನ ಸುತ್ತಲಿನ ಊರುಗಳಿಗೆ ರ್ಯಾಲಿಯೆಂಬುದು ಪರಿಚಿತ ನೋಟವಾಗಿದೆ.

ಕೈಗಾರಿಕೆಯ ಹಿನ್ನೆಲೆ

ಮೋಟರ್‌ಸೈಕಲ್ ಕರ್ನಾಟಕದಲ್ಲಿ ಹೊರಗಿನಿಂದ ಬಂದ ಸರಕಾಗಿಯೇ ಉಳಿಯಲಿಲ್ಲ. ಮೈಸೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಮುಂದೆ ಯೆಜ್ಡಿ ಬೈಕುಗಳನ್ನು ತಯಾರಿಸಿತು, 1996ರಲ್ಲಿ ಮುಚ್ಚಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಆ ಟೂ–ಸ್ಟ್ರೋಕ್ ಬೈಕುಗಳ ಸವಾರರು ಪ್ಲಗ್ ಬಿಚ್ಚಿ ಮಸಿ ಉಜ್ಜುವುದನ್ನು, ಕಾರ್ಬುರೇಟರ್ ತೊಳೆಯುವುದನ್ನು ದಾರಿಬದಿಯಲ್ಲೇ ಕಲಿತರು. 1951ರಲ್ಲಿ ಆರಂಭವಾದ ಮೋಟರ್ ಇಂಡಸ್ಟ್ರೀಸ್ ಕಂಪನಿ (ಮೈಕೋ), ಅಂದರೆ ಇಂದಿನ ಬಾಷ್, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸಿತು; ‘ಮೈಕೋ ಪ್ಲಗ್’ ಮೆಕ್ಯಾನಿಕ್‌ಗಳ ಬಾಯಲ್ಲಿ ಮನೆಮಾತಾಯಿತು. 1953ರಲ್ಲಿ ಜಾಲಹಳ್ಳಿಗೆ ಬಂದ ಎಚ್‌ಎಂಟಿ ಯಂತ್ರೋಪಕರಣಗಳ ಕೌಶಲವನ್ನು ಊರಿಗೆ ತಂದಿತು. ಅದರ ಪಕ್ಕದಲ್ಲೇ ಬೆಳೆದ ಪೀಣ್ಯ, ಏಷ್ಯಾದ ದೊಡ್ಡ ಸಣ್ಣಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಹೆಸರಾಯಿತು.

ಊರಿನ ದಕ್ಷಿಣಕ್ಕೆ, ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ಅದರಾಚೆ ಬೊಮ್ಮಸಂದ್ರದಲ್ಲಿ ಎಸ್‌ಕೆಎಫ್ ಬೇರಿಂಗ್ ಕಾರ್ಖಾನೆ ಇದೆ. ಗಡಿ ದಾಟಿದರೆ ಸಿಗುವ ಹೊಸೂರಿನಲ್ಲಿ ಟಿವಿಎಸ್ ಕಂಪನಿಯ ಮುಖ್ಯ ಕಾರ್ಖಾನೆಯಿದೆ. 2013ರ ಒಪ್ಪಂದದಂತೆ ಬಿಎಂಡಬ್ಲ್ಯು ಕಂಪನಿಯ 310 ಸಿಸಿ ಬೈಕುಗಳೂ ಅಲ್ಲೇ ತಯಾರಾಗುತ್ತವೆ.

ಹೊರಡುವ ದಾರಿಗಳು

ಪೀಣ್ಯದಿಂದ ತುಮಕೂರು ರಸ್ತೆ ಹಿಡಿದರೆ ನೆಲಮಂಗಲದಲ್ಲಿ ದಾರಿ ಕವಲಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳ ಮೇಲೆ ಪುಣೆಗೂ, ಹೆದ್ದಾರಿ 75 ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೇಲೆ ಮಂಗಳೂರಿಗೂ ಹೋಗುತ್ತವೆ. ವೈಟ್‌ಫೀಲ್ಡಿನವರಿಗೆ ಹೊಸಕೋಟೆಯ ಮೂಲಕ ಕೋಲಾರ, ಮುಳಬಾಗಿಲಿನ ದಾರಿ ಹತ್ತಿರ. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆ, ಹೊಸೂರು, ಕೃಷ್ಣಗಿರಿ, ಸೇಲಂ, ಮದುರೈಗಳನ್ನು ದಾಟಿ ಕನ್ಯಾಕುಮಾರಿಗೆ ನೇರ ರಸ್ತೆಯಿದೆ. ಪುಣೆಗೆ ಸುಮಾರು 840 ಕಿ.ಮೀ. ಇರುವುದರಿಂದ, ಹೋಗಿ ಬಂದರೆ 1,610ರ ಗಡಿ ದಾಟುತ್ತದೆ. 24 ಗಂಟೆಯ ಸವಾರಿಗೆ ಈ ದಾರಿ ಹೇಳಿ ಮಾಡಿಸಿದಂತಿದೆ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಾಗಳನ್ನು ಜೋಡಿಸುವ 5,846 ಕಿ.ಮೀ. ಉದ್ದದ ಸುವರ್ಣ ಚತುಷ್ಪಥವೂ ಬೆಂಗಳೂರನ್ನು ಹಾದುಹೋಗುತ್ತದೆ.

ಎಲ್ಲ ಹೊಸ ರಸ್ತೆಗಳೂ ಬೈಕಿಗೆ ತೆರೆದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ; ಸರ್ವಿಸ್ ರಸ್ತೆಯೇ ಗತಿ. ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ಬೆಸೆಯುವ ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ಬೈಕುಗಳನ್ನು 2022ರಲ್ಲಿ ನಿಷೇಧಿಸಲಾಯಿತು. ಎಲೆಕ್ಟ್ರಾನಿಕ್ ಸಿಟಿಯಿಂದ ನಸುಕಿನ ಮೂರಕ್ಕೆ ಪುಣೆಯತ್ತ ಹೊರಡುವವರು ಊರೊಳಗಿನ ದಾರಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ನಿಲುಗಡೆಯ ಲೆಕ್ಕ

ಚತುಷ್ಪಥ ಹೆದ್ದಾರಿಯಲ್ಲಿ ಮೋಟರ್‌ಸೈಕಲ್ಲಿಗೆ ಕಾನೂನು ಒಪ್ಪುವ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಒಂದು ಕ್ಷಣವೂ ನಿಧಾನಿಸದೆ ಇದೇ ವೇಗದಲ್ಲಿ ಓಡಿದರೂ 1,610 ಕಿ.ಮೀ.ಗೆ 20 ಗಂಟೆ 8 ನಿಮಿಷ ಬೇಕು; ಉಳಿಯುವುದು 3 ಗಂಟೆ 52 ನಿಮಿಷ. ಊರುಗಳು, ಕಾಮಗಾರಿಗಳು, ಲಾರಿಗಳ ಸಾಲು ಸೇರಿ ಓಟದ ಸರಾಸರಿ 75ಕ್ಕೆ ಇಳಿದರೆ ಉಳಿಯುವ ವೇಳೆ ಎರಡೂವರೆ ಗಂಟೆ. 13 ಲೀಟರಿನ ಟ್ಯಾಂಕು, ಲೀಟರಿಗೆ 30 ಕಿ.ಮೀ. ಮೈಲೇಜು ಇದ್ದರೆ, ಒಂದಿಷ್ಟು ಪೆಟ್ರೋಲ್ ಮೀಸಲು ಉಳಿಸಿಕೊಂಡು 320 ಕಿ.ಮೀ.ಗೊಮ್ಮೆ ಬಂಕಿಗೆ ಹೋಗಬೇಕು. ಐದು ನಿಲುಗಡೆಗೆ ತಲಾ ಕಾಲು ಗಂಟೆ ಎಂದರೂ ಒಂದೂಕಾಲು ಗಂಟೆ ಅಲ್ಲೇ ಮುಗಿಯಿತು. ಊಟ, ನೀರು, ಬೆನ್ನು ನೀಡುವುದು ಎಲ್ಲವೂ ಉಳಿದ ಅಷ್ಟರೊಳಗೇ ಆಗಬೇಕು.

ಇಂಥ ಲೆಕ್ಕದಲ್ಲಿ ಒಂದು ಪಂಚರ್ ಒಂದು ಗಂಟೆ ನುಂಗಿತೆನ್ನಿ. ಉಳಿದ 800 ಕಿ.ಮೀ.ಯಲ್ಲಿ ಅದನ್ನು ವೇಗದಿಂದ ತುಂಬಿಕೊಳ್ಳಲು ಸರಾಸರಿಯನ್ನು 75ರಿಂದ 83ಕ್ಕೆ ಏರಿಸಬೇಕು. ಕಾನೂನಿನ ಮಿತಿಯೊಳಗೆ ಅದು ಅಸಾಧ್ಯ. ಕಳೆದ ಹೊತ್ತನ್ನು ಆಕ್ಸಿಲರೇಟರ್ ತಿರುವಿ ಮರಳಿ ಪಡೆಯಲಾಗದು, ಗ್ಯಾರೇಜಿನಲ್ಲಿ ಮೊದಲೇ ಉಳಿಸಿಕೊಳ್ಳಬಹುದು ಅಷ್ಟೆ. ದೂರಸವಾರಿಯ ಸಿದ್ಧತೆಯ ಪ್ರತಿಯೊಂದು ಹೆಜ್ಜೆಯ ಹಿಂದೆಯೂ ಇದೇ ತರ್ಕವಿದೆ.

ಬೈಕಿನ ಆಯ್ಕೆ

350ರಿಂದ 650 ಸಿಸಿಯವರೆಗಿನ ಬೈಕುಗಳು ಈ ಭಾಗದಲ್ಲಿ ಬಳಕೆಯಲ್ಲಿವೆ. 2016ರಲ್ಲಿ ಬಂದ 411 ಸಿಸಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 15 ಲೀಟರಿನ ಟ್ಯಾಂಕು ಮತ್ತು ಲಗೇಜು ಕಟ್ಟಲು ಒಗ್ಗುವ ಚೌಕಟ್ಟಿನಿಂದ ಜನಪ್ರಿಯವಾಯಿತು. 2023ರ 452 ಸಿಸಿ ಮಾದರಿಯಲ್ಲಿ ಟ್ಯಾಂಕು 17 ಲೀಟರಾಯಿತು. 2018ರ ಇಂಟರ್‌ಸೆಪ್ಟರ್ 650 ಎರಡು ಸಿಲಿಂಡರಿನ ನಯವಾದ ಓಟ ಕೊಡುತ್ತದೆ, ಆದರೆ ಟ್ಯಾಂಕು 13.7 ಲೀಟರು ಮಾತ್ರ. ಬಜಾಜ್ ಡಾಮಿನಾರ್ ಮತ್ತು ಕೆಟಿಎಂ 390 ಅಡ್ವೆಂಚರ್ ದ್ರವಶೀತಕ ಎಂಜಿನ್ನಿನವು. ಕಡ್ಡಿಚಕ್ರ ಗುಂಡಿಗಳ ಹೊಡೆತಕ್ಕೆ ಬಗ್ಗಿ ತಾಳಿಕೊಳ್ಳುತ್ತದೆ. ಆದರೆ ಅದರೊಳಗೆ ಟ್ಯೂಬ್ ಇದ್ದರೆ ಪಂಚರ್ ಆದಾಗ ಚಕ್ರವನ್ನೇ ಕಳಚಬೇಕು. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರಿಗೆ ರಬ್ಬರ್ ಬತ್ತಿ ತುರುಕಿ ಹತ್ತು ನಿಮಿಷದಲ್ಲಿ ಹೊರಡಬಹುದು. ಹೆದ್ದಾರಿಯ ಸವಾರಿಗೆ ಎರಡನೆಯದೇ ಅನುಕೂಲ.

ವಾರದ ದಿನಗಳ ಸವೆತ

ಬೈಕಿನ ಸರ್ವಿಸ್ ವೇಳಾಪಟ್ಟಿ ಕಿಲೋಮೀಟರನ್ನು ಎಣಿಸುತ್ತದೆ, ಸಿಗ್ನಲ್ಲಿನಲ್ಲಿ ಕಾದ ಗಂಟೆಗಳನ್ನಲ್ಲ. ಸಿಲ್ಕ್ ಬೋರ್ಡ್, ಮಾರತಹಳ್ಳಿ, ಗೊರಗುಂಟೆಪಾಳ್ಯಗಳ ದಟ್ಟಣೆಯಲ್ಲಿ ದಿನಕ್ಕೆ 30 ಕಿ.ಮೀ. ಓಡುವ ಬೈಕಿನ ಎಂಜಿನ್ ಎರಡು ಗಂಟೆಗೂ ಹೆಚ್ಚು ಉರಿಯುತ್ತಿರಬಹುದು. ಗಾಳಿ ಬೀಸದೆ ಎಣ್ಣೆ ಕಾಯುತ್ತದೆ. ಅರ್ಧ ಹಿಡಿದ ಕ್ಲಚ್ಚಿನಲ್ಲಿ ಪ್ಲೇಟುಗಳು ಸವೆಯುತ್ತವೆ. ಕ್ಲಚ್ ಕೇಬಲಿನ ಎಳೆಗಳು ಹಿಡಿಕೆಯ ಬುಡದಲ್ಲಿ ಒಂದೊಂದಾಗಿ ಹರಿಯುತ್ತವೆ. ರಸ್ತೆಯುಬ್ಬು, ಗುಂಡಿಗಳಿಂದ ಹ್ಯಾಂಡಲಿನ ಬುಡದ ಬೇರಿಂಗಿನಲ್ಲಿ, ಅಂದರೆ ಕೋನ್‌ಸೆಟ್ಟಿನಲ್ಲಿ, ಗುಳಿ ಬೀಳುತ್ತದೆ. ಕಟ್ಟಡ ಕಾಮಗಾರಿಯ ದೂಳು ಏರ್ ಫಿಲ್ಟರನ್ನು ಅವಧಿಗೆ ಮೊದಲೇ ಕಟ್ಟಿಸುತ್ತದೆ.

ಈ ದೋಷಗಳು ಊರಿನ ವೇಗದಲ್ಲಿ ಮರೆಯಾಗಿರುತ್ತವೆ. ಸವೆದ ಕ್ಲಚ್ 40ರ ವೇಗದಲ್ಲಿ ತಿಳಿಯದೆ, ತುಂಬಿದ ಲಗೇಜಿನೊಂದಿಗೆ ಘಾಟಿ ಏರುವಾಗ ಜಾರತೊಡಗುತ್ತದೆ. ಸಡಿಲ ಕೋನ್‌ಸೆಟ್ಟು 80ರಲ್ಲಿ ಹ್ಯಾಂಡಲನ್ನು ನಡುಗಿಸುತ್ತದೆ. ಆದ್ದರಿಂದ ಆಫೀಸಿಗೂ ಓಡುವ ಬೈಕಿಗೆ ತಯಾರಕರ ಪುಸ್ತಕದಲ್ಲಿ ಕಠಿಣ ಬಳಕೆಗೆ ಹೇಳಿರುವ ಚಿಕ್ಕ ಅವಧಿಯನ್ನೇ ಪಾಲಿಸುವುದು ಕ್ಷೇಮ.

ಎಂಜಿನ್ ಮತ್ತು ಎಣ್ಣೆ

ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರುಗಳು ಮತ್ತು ಕ್ಲಚ್ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಎಣ್ಣೆಯಲ್ಲಿರುವ ಘರ್ಷಣೆ ತಗ್ಗಿಸುವ ರಾಸಾಯನಿಕ ಕ್ಲಚ್ಚನ್ನು ಜಾರಿಸುತ್ತದೆ; ಹಾಗಾಗಿ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಗುರುತು ಇರಲೇಬೇಕು. ಎಣ್ಣೆ ಮತ್ತು ಫಿಲ್ಟರನ್ನು ಸವಾರಿಯ ಹಿಂದಿನ ರಾತ್ರಿ ಬದಲಿಸುವುದಕ್ಕಿಂತ 300–500 ಕಿ.ಮೀ. ಮೊದಲೇ ಬದಲಿಸುವುದು ಮೇಲು. ಡ್ರೈನ್ ಬೋಲ್ಟು ಸೋರುತ್ತಿದ್ದರೆ, ಫಿಲ್ಟರಿನ ರಬ್ಬರ್ ಉಂಗುರ ಕೂರದಿದ್ದರೆ ಊರಿನಲ್ಲೇ ಗೊತ್ತಾಗುತ್ತದೆ. ಹೊಸ ಚೈನ್, ಹೊಸ ಟೈರ್, ಹೊಸ ಲೈಟು ಎಲ್ಲಕ್ಕೂ ಈ ನಿಯಮ ಸಲ್ಲುತ್ತದೆ. ಭಾನುವಾರ ಬೆಳಗಿನ ತಿಂಡಿಗೆಂದು ನಂದಿಬೆಟ್ಟದ ಕಡೆಗೋ ಕೋಲಾರದ ಕಡೆಗೋ ಹೋಗಿಬರುವ ರೂಢಿ ಇಂಥ ಪರೀಕ್ಷಾ ಓಟಕ್ಕೆ ಒದಗಿಬರುತ್ತದೆ.

ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವಾಗ ಎಂಜಿನ್ ಸ್ವಲ್ಪ ಎಣ್ಣೆ ಸುಡುವುದು ಸಹಜ. ಸಣ್ಣ ಎಂಜಿನ್ನಿನಲ್ಲಿ ಎರಡು ಲೀಟರಿನ ಆಸುಪಾಸು ಎಣ್ಣೆ ಇರುವುದರಿಂದ ಕಾಲು ಲೀಟರು ಕಡಿಮೆಯಾದರೂ ಪರಿಣಾಮ ದೊಡ್ಡದು. ಗಾಡಿಯನ್ನು ನೇರ ನಿಲ್ಲಿಸಿ ಗಾಜಿನ ಕಿಂಡಿಯಲ್ಲೋ ಅಳತೆಕಡ್ಡಿಯಲ್ಲೋ ಮಟ್ಟ ನೋಡಬೇಕು.

ಟ್ಯಾಪೆಟ್ ಹೊಂದಾಣಿಕೆ, ಅಂದರೆ ವಾಲ್ವಿನ ಸಂದು, ಎಂಜಿನ್ ತಣ್ಣಗಿರುವಾಗ ಮಾಡುವ ಕೆಲಸ. ಸಂದು ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ಯಾರಾದರೂ ಗಮನಿಸುತ್ತಾರೆ. ಕಡಿಮೆಯಾದರೆ ಸದ್ದೇ ಇರುವುದಿಲ್ಲ. ಹೊಗೆ ಹೊರಹಾಕುವ ವಾಲ್ವು ಪೂರ್ತಿ ಮುಚ್ಚದೆ, ತನ್ನ ಶಾಖವನ್ನು ಪೀಠಕ್ಕೆ ದಾಟಿಸಲಾರದೆ ಸುಟ್ಟುಹೋಗುತ್ತದೆ. ದೀರ್ಘ ಓಟದಲ್ಲಿ ಅಪಾಯಕಾರಿಯಾದದ್ದು ಸದ್ದಿಲ್ಲದ ಈ ದೋಷವೇ. ದ್ರವಶೀತಕ ಬೈಕಿನಲ್ಲಿ ಕೂಲಂಟ್ ಮಟ್ಟದ ಜೊತೆಗೆ ರೇಡಿಯೇಟರಿನ ಸಂದುಗಳಲ್ಲಿ ಕೆಸರು, ಹುಳು ಕಟ್ಟಿದೆಯೇ, ಫ್ಯಾನು ತಾನಾಗಿ ತಿರುಗುತ್ತದೆಯೇ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಅನಂತಪುರ, ಕರ್ನೂಲಿನ ದಾರಿಯಲ್ಲಿ ಉಷ್ಣತೆ 40 ಡಿಗ್ರಿ ದಾಟಿದಾಗ ಇದರ ಬೆಲೆ ತಿಳಿಯುತ್ತದೆ.

ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್‌ನ ಶಾಖಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆಯಾದ್ದರಿಂದ ಮೈಲೇಜು ಒಂದಿಷ್ಟು ಇಳಿಯುತ್ತದೆ. ಹಳೆಯ ಅಂಕಿಯನ್ನು ನಂಬಿ ಬಂಕುಗಳ ನಡುವಿನ ದೂರ ಎಣಿಸಿದರೆ ಲೆಕ್ಕ ತಪ್ಪೀತು. ಎಥನಾಲ್ ನೀರನ್ನು ಹೀರುವುದರಿಂದ, ತಿಂಗಳುಗಟ್ಟಲೆ ನಿಂತಿದ್ದ ಬೈಕಿನ ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲಿನಿಂದಲೇ ದೂರದ ಪ್ರಯಾಣ ಆರಂಭಿಸುವುದು ಸಲ್ಲ.

ಚೈನ್ ಮತ್ತು ಸ್ಪ್ರಾಕೆಟ್

ಚೈನಿಗೆ ಸುಮಾರು 500 ಕಿ.ಮೀ.ಗೊಮ್ಮೆ ಎಣ್ಣೆ ಬೇಕು. ವಾರಕ್ಕೆ 150 ಕಿ.ಮೀ. ಓಡುವವರಿಗೆ ಅದು ತಿಂಗಳ ಕೆಲಸ; ಸ್ಯಾಡಲ್‌ಸೋರ್ ಹೊರಟವರಿಗೆ ಒಂದೇ ದಿನದಲ್ಲಿ ಮೂರು ಸಲ ಬರುವ ಕೆಲಸ. ಬಿಸಿಯಾದ ಚೈನಿಗೆ ಎಣ್ಣೆ ಒಳಗಿಳಿಯುವುದರಿಂದ ಬಂಕಿನಲ್ಲಿ ನಿಂತಾಗಲೇ ಹಚ್ಚುವುದು ಒಳ್ಳೆಯದು. ಡಬಲ್ ಸ್ಟ್ಯಾಂಡ್ ಇದ್ದರೆ ಎರಡು ನಿಮಿಷ ಸಾಕು. ಕೊಳೆ ತೊಳೆಯಲು ಸೀಮೆಎಣ್ಣೆ ಸರಿ, ಪೆಟ್ರೋಲ್ ಬೇಡ. ಕೊಂಡಿಗಳೊಳಗಿನ ರಬ್ಬರ್ ಉಂಗುರಗಳನ್ನು ಅದು ಕೆಡಿಸುತ್ತದೆ. ಮಲೆನಾಡಿನ ಮಳೆಯಲ್ಲಿ ಎಣ್ಣೆ ಬೇಗ ತೊಳೆದುಹೋಗುವುದರಿಂದ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು.

ಬಿಗಿಯನ್ನು ಒಂದೇ ಜಾಗದಲ್ಲಿ ಅಳೆದರೆ ಸಾಲದು. ಚಕ್ರ ತಿರುಗಿಸುತ್ತಾ ಚೈನು ಅತಿ ಬಿಗಿಯಾಗುವ ಜಾಗ ಹುಡುಕಿ, ಅಲ್ಲಿ ತಯಾರಕರು ಹೇಳಿದಷ್ಟು ಸಡಿಲ ಬಿಡಬೇಕು. ರಸ್ತೆಯ ಬೈಕುಗಳಲ್ಲಿ ಇದು ಸಾಮಾನ್ಯವಾಗಿ 25–35 ಮಿ.ಮೀ. ಲಗೇಜು ಹೇರಿದಾಗ ಹಿಂದಿನ ಸಸ್ಪೆನ್ಷನ್ ಇಳಿದು ಚೈನು ಇನ್ನಷ್ಟು ಬಿಗಿಯುತ್ತದೆ. ಅತಿ ಬಿಗಿ ಗೇರ್‌ಬಾಕ್ಸಿನ ಬೇರಿಂಗನ್ನು ತಿನ್ನುತ್ತದೆ. ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನು ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೇ ಬದಲಿಸಬೇಕು. ಹಳೆಯ ಹಲ್ಲು ಹೊಸ ಚೈನನ್ನು ಬೇಗ ಕೆಡಿಸುತ್ತದೆ.

ಟೈರ್, ಚಕ್ರ, ಬ್ರೇಕ್

ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತು ಅದರ ಹುಟ್ಟಿದ ವಾರವನ್ನೂ ವರ್ಷವನ್ನೂ ಹೇಳುತ್ತದೆ: 2324 ಎಂದಿದ್ದರೆ 2024ರ 23ನೆಯ ವಾರ. ಗಾಳಿಯನ್ನು ಟೈರು ತಣ್ಣಗಿರುವಾಗ ಅಳೆಯಬೇಕು. ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬಿಸಿ ಟೈರಿನಲ್ಲಿ ಹೆಚ್ಚಾಯಿತೆಂದು ಗಾಳಿ ಬಿಟ್ಟರೆ ರಾತ್ರಿಯ ತಂಪಿನಲ್ಲಿ ಕೊರತೆಯಾಗುತ್ತದೆ. ಕಡಿಮೆ ಗಾಳಿಯ ಟೈರು ಓಡುತ್ತ ಬಾಗಿ ಬಳುಕಿ ಕಾಯುತ್ತದೆ, ಗುಂಡಿಗೆ ಬಿದ್ದಾಗ ರಿಮ್ಮನ್ನು ಕಾಪಾಡುವುದಿಲ್ಲ. ಕಡ್ಡಿಚಕ್ರವಾದರೆ ಒಂದೊಂದೇ ಕಡ್ಡಿಯನ್ನು ಸ್ಪ್ಯಾನರಿನಿಂದ ಮೀಟಿ ಕೇಳಬೇಕು. ಸಡಿಲ ಕಡ್ಡಿಯ ನಾದ ಮಂಕಾಗಿರುತ್ತದೆ. ಚಿತ್ರದುರ್ಗದ ಗಾಳಿಯಂತ್ರಗಳ ಸುತ್ತಮುತ್ತ ಅಡ್ಡಗಾಳಿ ಬಲವಾಗಿರುವುದರಿಂದ ಎತ್ತರದ ಲಗೇಜು ಅಲ್ಲಿ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಭಾರವನ್ನು ತಗ್ಗಿನಲ್ಲಿ, ಎರಡೂ ಬದಿಗೆ ಸಮನಾಗಿ, ಸೀಟಿನ ಹತ್ತಿರ ಕಟ್ಟಬೇಕು.

125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ. ಆದರೂ ಬ್ರೇಕಿನ ಬಲ ನಿಂತಿರುವುದು ಅದರ ದ್ರವದ ಮೇಲೆ. ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ನೀರು ಹೀರಿ ಹಳತಾದ ಮೇಲೆ ಈ ಮಿತಿ 155ಕ್ಕೆ ಇಳಿಯಬಹುದು. ಶಿರಾಡಿ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಕುದಿದ ದ್ರವದಲ್ಲಿ ಗುಳ್ಳೆಯೆದ್ದು ಬ್ರೇಕಿನ ಹಿಡಿಕೆ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು, ಇಳಿಜಾರಿನಲ್ಲಿ ಕೆಳಗಿನ ಗೇರಿನ ಎಂಜಿನ್ ಹಿಡಿತವನ್ನು ಬಳಸುವುದು ಇದಕ್ಕೆ ಮದ್ದು.

ವಿದ್ಯುತ್ ಮತ್ತು ಬೆಳಕು

ಜಿಪಿಎಸ್, ಫೋನ್ ಚಾರ್ಜರ್, ಹೆಚ್ಚುವರಿ ಲೈಟು ಎಲ್ಲಕ್ಕೂ ಕರೆಂಟು ಬರುವುದು ಬೈಕಿನ ಒಂದು ಆಲ್ಟರ್ನೇಟರಿನಿಂದ. ತಲಾ 40 ವ್ಯಾಟಿನ ಎರಡು ಲೈಟು, 15 ವ್ಯಾಟಿನ ಚಾರ್ಜರ್ ಸೇರಿದರೆ 95 ವ್ಯಾಟು. ಗಾಡಿಯ ಸ್ವಂತ ಬಳಕೆ ಕಳೆದು ಅಷ್ಟು ಉಳಿಯುತ್ತದೆಯೇ ಎಂದು ನೋಡದೆ ಜೋಡಿಸಿದರೆ ಬ್ಯಾಟರಿ ನಡುರಾತ್ರಿ ಬರಿದಾಗುತ್ತದೆ. ನಿಂತಿದ್ದಾಗ ಸುಮಾರು 12.6 ವೋಲ್ಟು, ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟು ಇದ್ದರೆ ಚಾರ್ಜಿಂಗ್ ಸರಿಯಿದೆ. ಹ್ಯಾಂಡಲಿಗೆ ಚಿಕ್ಕ ವೋಲ್ಟ್‌ಮೀಟರ್ ಸಿಕ್ಕಿಸಿಕೊಂಡರೆ ಕೊರತೆ ಮೊದಲೇ ಕಾಣುತ್ತದೆ. ಪ್ರತಿ ಜೋಡಣೆಗೂ ಬೇರೆ ಫ್ಯೂಸ್, ಲೈಟಿಗೆ ರಿಲೇ ಇರಬೇಕು. ಸುತ್ತಿದ ವೈರಿಗೆ ಟೇಪು ಹಚ್ಚಿದ ಕೀಲುಗಳು ಮಳೆ ಮತ್ತು ಕಂಪನದಲ್ಲಿ ಬಿಚ್ಚಿಕೊಳ್ಳುತ್ತವೆ; ಒತ್ತಿ ಕೂರಿಸಿದ, ನೀರು ನುಗ್ಗದ ಕನೆಕ್ಟರುಗಳೇ ಬಾಳುವುದು.

ಕೂರುವ ನೆಲೆ ಮತ್ತು ಸವಾರನ ದೇಹ

ಸೀಟಿನ ಮೇಲೆ ಗಾಳಿ ತುಂಬಿದ ಮೆತ್ತೆ, ಎದೆಗೆ ಬಡಿಯುವ ಗಾಳಿಯನ್ನು ತಡೆಯುವ ಗಾಜು, ಮಣಿಕಟ್ಟು ನೇರ ನಿಲ್ಲುವಂತೆ ತಿರುಗಿಸಿದ ಹಿಡಿಕೆಗಳು ಸೌಕರ್ಯಕ್ಕಷ್ಟೇ ಅಲ್ಲ, ದಣಿವು ಮುಂದೂಡುವುದಕ್ಕೂ ಬೇಕು. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಶಬ್ದ 90 ಡೆಸಿಬಲ್ ಮೀರಬಲ್ಲದು; ಕಿವಿಬೆಣೆ ಇದನ್ನು ತಗ್ಗಿಸುತ್ತದೆ.

ಯಂತ್ರವನ್ನು ಎಷ್ಟೇ ಹದಗೊಳಿಸಿದರೂ ನಿದ್ದೆಗೆ ಪರ್ಯಾಯವಿಲ್ಲ. ಸತತ 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ, ರಕ್ತದಲ್ಲಿ ಶೇ. 0.05 ಮದ್ಯಾಂಶ ಇರುವವರಷ್ಟು ಮಂದವಾಗುತ್ತದೆಂದು ಸಂಶೋಧನೆಗಳು ತೋರಿಸಿವೆ. ಭಾರತದ ಕಾನೂನು ಚಾಲಕರಿಗೆ ಒಪ್ಪುವ ಮಿತಿ ಶೇ. 0.03. ಬೆಳಗಿನ ಮೂರಕ್ಕೆ ಎದ್ದವರು ರಾತ್ರಿ ಎಂಟಕ್ಕೇ ಆ ಗೆರೆ ದಾಟಿರುತ್ತಾರೆ, ಆಗಿನ್ನೂ ಏಳೆಂಟು ಗಂಟೆಯ ರಸ್ತೆ ಉಳಿದಿರುತ್ತದೆ. ಶುಕ್ರವಾರದ ಕೆಲಸ ಮುಗಿಸಿ ಅದೇ ರಾತ್ರಿ ಹೊರಡುವುದು ಅಪಾಯವನ್ನು ಇಮ್ಮಡಿಸುತ್ತದೆ. ಹಿಂದಿನ ಎರಡು ರಾತ್ರಿ ತುಂಬು ನಿದ್ದೆ, ದಾರಿಯಲ್ಲಿ ಇಪ್ಪತ್ತು ನಿಮಿಷದ ತೂಕಡಿಕೆಗೆ ವೇಳೆ, ಆಗದಿದ್ದರೆ ಪ್ರಮಾಣಪತ್ರದ ಆಸೆ ಬಿಟ್ಟು ಮಲಗುವ ಮನಸ್ಸು, ಮೂರನ್ನೂ ಸಿದ್ಧತೆಯ ಪಟ್ಟಿಯಲ್ಲಿ ಸೇರಿಸಬೇಕು.

ಜೊತೆಗೊಯ್ಯುವ ಸಾಮಾನು

ಪಂಚರ್ ಕಿಟ್ಟು ಮತ್ತು ಬ್ಯಾಟರಿಯಿಂದ ಓಡುವ ಪುಟ್ಟ ಪಂಪು, ಟ್ಯೂಬ್ ಟೈರಾದರೆ ಹೆಚ್ಚುವರಿ ಟ್ಯೂಬು ಮತ್ತು ಟೈರು ಎಬ್ಬುವ ಪಟ್ಟಿಗಳು, ಚೈನಿನ ಜೋಡುಕೊಂಡಿ, ಕ್ಲಚ್ ಮತ್ತು ಬ್ರೇಕ್ ಹಿಡಿಕೆ, ಫ್ಯೂಸುಗಳು, ಪ್ಲಗ್ಗು, ಬಿಗಿಪಟ್ಟಿ, ಟೇಪು, ಬಿರುಕಿಗೆ ಮೆತ್ತುವ ಎಂ–ಸೀಲ್ ಇಷ್ಟು ವಾಡಿಕೆಯ ಗಂಟು. ಹೊಸ ಕ್ಲಚ್ ಕೇಬಲನ್ನು ಚೀಲದಲ್ಲಿಡದೆ, ಹಳೆಯದರ ಪಕ್ಕದಲ್ಲೇ ಎಳೆದು ಟೇಪಿನಿಂದ ಕಟ್ಟಿಡುವುದು ಅನುಭವಿಗಳ ಕ್ರಮ. ಹರಿದಾಗ ತುದಿಗಳನ್ನು ಸಿಕ್ಕಿಸಿದರೆ ಸಾಕು, ಟ್ಯಾಂಕು ಬಿಚ್ಚಬೇಕಿಲ್ಲ. ಯಾವ ಸಾಮಾನು ಒಯ್ಯಬೇಕೆಂಬುದನ್ನು ನಿರ್ಧರಿಸುವುದು ಅದನ್ನು ಬಳಸಬಲ್ಲ ಕೈ. ಮನೆಯ ಅಂಗಳದಲ್ಲಿ ಒಮ್ಮೆಯೂ ಚಕ್ರ ಕಳಚದವರಿಗೆ ಟ್ಯೂಬು ಹೊರೆ ಮಾತ್ರ.

ಗ್ಯಾರೇಜುಗಳು ಮತ್ತು ಕಾನೂನು

ವಾರಂಟಿಯಿರುವ ಬೈಕುಗಳು ಕಂಪನಿಯ ಸರ್ವಿಸ್ ಕೇಂದ್ರಗಳಿಗೆ, ಹಳೆಯವು ಪರಿಚಯದ ಗ್ಯಾರೇಜುಗಳಿಗೆ ಹೋಗುತ್ತವೆ. ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಇಂದಿಗೂ ಹೆಸರುವಾಸಿ. ಲಗೇಜಿನ ಚೌಕಟ್ಟು, ಎಂಜಿನ್ನಿನ ಅಡಿಗೆ ತಗಡಿನ ರಕ್ಷೆ, ಲೈಟಿನ ಹಿಡಿಕೆಗಳಂಥ ಒಂಟಿ ತಯಾರಿಕೆಗಳಿಗೆ ಬೇಕಾದ ಲೇಸರ್ ಕತ್ತರಿಕೆ, ಕೊಳವೆ ಬಾಗಿಸುವುದು, ವೆಲ್ಡಿಂಗ್, ಪೌಡರ್ ಬಣ್ಣ ಎಲ್ಲವೂ ಪೀಣ್ಯದ ಬೀದಿಗಳಲ್ಲಿ ಲಭ್ಯ. ಇಂಥ ಚೌಕಟ್ಟುಗಳು ಮುರಿಯುವುದು ಹೆಚ್ಚಾಗಿ ವೆಲ್ಡಿನ ಅಂಚಿನಲ್ಲಿ, ಭಾರದಿಂದಲ್ಲ, ಕಂಪನದಿಂದ. ಬೋಲ್ಟುಗಳಿಗೆ ಎಳೆಬಂಧಕ ಅಂಟು ಹಚ್ಚಿ, ಗೊತ್ತಾದ ಬಿಗಿಗೆ ತಿರುಗಿಸಿ, ತಲೆಯ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ಸಡಿಲವಾದದ್ದು ಪ್ರತಿ ನಿಲುಗಡೆಯಲ್ಲೂ ಕಣ್ಣಿಗೆ ಕಾಣುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸದ್ದಿನ ಸೈಲೆನ್ಸರ್, ಎದುರಿನವರ ಕಣ್ಣು ಕುಕ್ಕುವ ಲೈಟುಗಳಿಗೆ ದಂಡ ತಪ್ಪದು. ಹೆಲ್ಮೆಟ್ಟು ಐಎಸ್ 4151 ಗುರುತಿನದ್ದಾಗಿರಬೇಕು. ವಿಮೆ ಮತ್ತು ಮಾಲಿನ್ಯ ಪ್ರಮಾಣಪತ್ರದ ಅವಧಿ ಸವಾರಿಯ ನಡುವೆ ಮುಗಿಯದಂತೆ ನೋಡಿಕೊಳ್ಳಬೇಕು.

ಸವಾರಿ ಮುಗಿದ ಮೇಲೆ

ಮರಳಿದ ಬೈಕನ್ನು ಸೋಮವಾರ ಹಾಗೇ ಆಫೀಸಿಗೆ ಒಯ್ಯುವುದು ಸಾಮಾನ್ಯ ತಪ್ಪು. ಒಂದೇ ದಿನದ 1,600 ಕಿ.ಮೀ. ಅನೇಕರ ಎರಡು ಮೂರು ತಿಂಗಳ ಓಟಕ್ಕೆ ಸಮ. ತೊಳೆಯುವಾಗಲೇ ಬಿರುಕು, ಸೋರಿಕೆ, ಕಳಚಿದ ಬೋಲ್ಟು ಕಾಣುತ್ತವೆ. ಬ್ರೇಕ್ ಪ್ಯಾಡಿನ ದಪ್ಪ, ಟೈರಿನಲ್ಲಿ ಚುಚ್ಚಿಕೊಂಡ ಮೊಳೆ, ಮುಂದಿನ ಫೋರ್ಕಿನ ಸೀಲು, ಚಕ್ರದ ಬೇರಿಂಗಿನ ಅಲುಗಾಟ ನೋಡಿ, ಖರ್ಚಾದ ಎಣ್ಣೆ, ಸಿಕ್ಕ ಮೈಲೇಜು, ಬದಲಿಸಿದ ಭಾಗಗಳನ್ನು ದಿನಾಂಕದೊಂದಿಗೆ ಬರೆದಿಡಬೇಕು. ಮುಂದಿನ ಸವಾರಿಯ ಬಂಕುಗಳನ್ನೂ ಬಿಡಿಭಾಗಗಳನ್ನೂ ಗೊತ್ತುಮಾಡುವುದು ಈ ದಾಖಲೆಯೇ.

ವಿದ್ಯುತ್ ಬೈಕುಗಳು

ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಜಿಗಣಿಯಲ್ಲಿ ತಯಾರಾಗುವ ಅಲ್ಟ್ರಾವಯಲೆಟ್ ಎಫ್77, 2022ರಲ್ಲಿ ಬಿಡುಗಡೆಯಾಯಿತು. 10.3 ಯೂನಿಟ್ಟಿನ ಬ್ಯಾಟರಿಗೆ ಪರೀಕ್ಷಾ ಮಾನದಂಡದಂತೆ 307 ಕಿ.ಮೀ. ದೂರ ದಾಖಲಾಗಿದ್ದು, ಹೆದ್ದಾರಿಯ ವೇಗದಲ್ಲಿ ಇದು ಸಾಕಷ್ಟು ಇಳಿಯುತ್ತದೆ. ಒಂದು ಚಾರ್ಜಿಗೆ 200 ಕಿ.ಮೀ. ಸಿಕ್ಕಿತೆಂದುಕೊಂಡರೂ 1,610 ಕಿ.ಮೀ.ಗೆ ಎಂಟು ಸಲ ಚಾರ್ಜಾಗಬೇಕು. ಪ್ರತಿ ಸಲ ಅರ್ಧ ಗಂಟೆಯಲ್ಲೇ ಮುಗಿದರೂ ನಾಲ್ಕು ಗಂಟೆ. ಗಂಟೆಗೆ 80ರ ಮಿತಿಯಲ್ಲಿ ಉಳಿಯುವ 3 ಗಂಟೆ 52 ನಿಮಿಷಕ್ಕಿಂತ ಅದು ಹೆಚ್ಚು. ಸದ್ಯಕ್ಕೆ ಈ ಬಗೆಯ ಸವಾರಿಗೆ ತೊಡಕು ಮೋಟರಿನ ಬಲದಲ್ಲಿಲ್ಲ, ಚಾರ್ಜಿಂಗಿನ ವೇಗದಲ್ಲಿ ಮತ್ತು ಕೇಂದ್ರಗಳ ನಡುವಿನ ಅಂತರದಲ್ಲಿದೆ. ಎಣ್ಣೆ, ಪ್ಲಗ್ಗು, ಟ್ಯಾಪೆಟ್ಟು, ಕ್ಲಚ್ ಕೇಬಲುಗಳ ಚಿಂತೆ ಇಲ್ಲಿ ಇಲ್ಲವಾದರೂ ಚೈನು, ಟೈರು, ಬ್ರೇಕು, ಬೇರಿಂಗುಗಳ ಆರೈಕೆ ಪೆಟ್ರೋಲ್ ಬೈಕಿನಷ್ಟೇ ಬೇಕಾಗುತ್ತದೆ.